ಬ್ರೇಕ್ ಆಯಿಲ್ಲೂ ಬುರುಲ್ ಒಯ್ದ ತೊಟ್ಟಿಲೂ

ಮೊಮ್ಮಗ ಹುಟ್ಟಿದ ಸುದ್ದಿ ಬಂದಾಗ ಬುರುಲ್ ಕಾರಿನ ಅಡಿಯಲ್ಲಿ ಅಂಗಾತ ಮಲಗಿದ್ದಳು. ಗಂಡ ಶೇರಾಲಿ ಫೋನು ಹಿಡಿದು ಕುಂಟುತ್ತ ಬಂದು, "ಲೇ, ಗಂಡು ಮಗುವಂತೆ ಕಣೇ! ಅಜ್ಜಿ ಆಗ್ಬಿಟ್ಟೆ!" ಎಂದು ಕೂಗಿದ್ದೇ ತಡ, ಎದ್ದು ಬರುವ ಅವಸರದಲ್ಲಿ ಹಣೆಯನ್ನು ಸೈಲೆನ್ಸರಿಗೆ ಬಡಿದುಕೊಂಡಳು. ನೋವು ಯಾರಿಗೆ ಬೇಕು? ಮಸಿ ಮೆತ್ತಿದ ಮುಖದಲ್ಲೇ ಗಂಡನನ್ನು ತಬ್ಬಿ ಅಂಗಳದಲ್ಲಿ ಎರಡು ಸುತ್ತು ತಿರುಗಿಸಿಬಿಟ್ಟಳು. ಅವನ ಒಗೆದ ಅಂಗಿ ಹಾಳಾಯಿತು.

ಸುಸಾಮಿರ್ ಬಯಲಿನ ನಮ್ಮ ಊರಿನಲ್ಲಿ ಬುರುಲ್ ಯಾರೆಂದು ಕೇಳುವವರೇ ಇಲ್ಲ. ನಲವತ್ತೆಂಟರ ಗಟ್ಟಿ ಹೆಂಗಸು, ಬಿಸಿಲಿಗೆ ಸುಟ್ಟ ಕೆಂಪು ಕೆನ್ನೆ, ಮಾತಿಗಿಂತ ಮೊದಲು ನಗು. ಅವಳಪ್ಪ ದೋರೊನ್, ಘಾಟಿಯ ಮೇಲೆ ಲಾರಿ ಓಡಿಸಿ ಬದುಕಿದವನು. ಗಂಡು ಮಕ್ಕಳಿರಲಿಲ್ಲ, ಮಗಳನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಕಲ್ಲಿದ್ದಲು, ಉಪ್ಪು, ಕುರಿ ಎಲ್ಲ ಸಾಗಿಸಿದ. "ಘಾಟಿ ಹತ್ತಿಸೋದು ಎಂಜಿನ್ನು ಮಗಳೇ, ಮನೆಗೆ ಕರ್ಕೊಂಡು ಬರೋದು ಬ್ರೇಕ್ ಆಯಿಲ್ಲು" ಎನ್ನುವುದು ಅವನ ಮಾತು. ಬೇರೆ ಹೆಣ್ಣುಮಕ್ಕಳು ಕಂಬಳಿ ಹೊಲಿಯುವುದನ್ನು ಕಲಿಯುವ ವಯಸ್ಸಿನಲ್ಲಿ ಇವಳು ಸ್ಪ್ಯಾನರ್ ಅಳತೆಗಳನ್ನು ಬಾಯಿಪಾಠ ಮಾಡಿದ್ದಳು.

ಮದುವೆಯಾಗಿ ಬಂದ ಮೇಲೆ ಆ ವಿದ್ಯೆ ಮೂಲೆ ಸೇರಬೇಕಿತ್ತು. ಸೇರಲಿಲ್ಲ. ಶೇರಾಲಿ ಒಂದು ವಸಂತದಲ್ಲಿ ಕುದುರೆಯೇರಿ ಕೋಕ್‌ಬೋರು ಆಡಲು ಹೋದ. ಸತ್ತ ಆಡೊಂದಕ್ಕಾಗಿ ಇಪ್ಪತ್ತು ಗಂಡಸರು ಕುದುರೆಗಳ ಮೇಲೆ ಕಿತ್ತಾಡುವ ಆಟವದು. ಆಡನ್ನು ಗೆದ್ದ, ಬಲಮೊಣಕಾಲನ್ನು ಕಳೆದುಕೊಂಡ. ಮಡಚದ ಕಾಲಿನಿಂದ ಬ್ರೇಕ್ ಒತ್ತುವುದು ಹೇಗೆ? ಅಂದಿನಿಂದ ಮನೆಯ ಹಳೇ ಜರ್ಮನ್ ಕಾರು ಬುರುಲ್‌ಳ ಪಾಲಾಯಿತು. ನಡುರಾತ್ರಿ ಹೆರಿಗೆ ನೋವು ಬಂದವರನ್ನು ಆಸ್ಪತ್ರೆಗೆ ಮುಟ್ಟಿಸಿದ್ದು ಆ ಕಾರು. ಮಗಳು ಮೀರಿಮ್‌ಳನ್ನು ಘಾಟಿಯಾಚೆ ತಲಾಸ್ ಸೀಮೆಯ ಗಂಡನ ಮನೆಗೆ ಬಿಟ್ಟು ಬಂದದ್ದೂ ಅದೇ ಕಾರು. ಸ್ಟೀರಿಂಗ್ ಹಿಡಿದಾಗ ಬುರುಲ್‌ಗೆ ತಾನು ಯಾರ ಸೊಸೆ, ಯಾರ ಹೆಂಡತಿ ಎಂಬುದೆಲ್ಲ ಮರೆತುಹೋಗುತ್ತಿತ್ತು.

ಇದು ಒಬ್ಬರ ಕಣ್ಣಿಗೆ ಮಾತ್ರ ಆಗುತ್ತಿರಲಿಲ್ಲ. ಶೇರಾಲಿಯ ಅಣ್ಣ ಅಸಾನ್‌ಬೆಕ್. ಮಾವ ತೀರಿಕೊಂಡ ಮೇಲೆ ಹಬ್ಬಕ್ಕೆ ಯಾವ ಕುರಿ, ಮದುವೆಗೆ ಯಾವ ದಿನ ಎಂದೆಲ್ಲ ನಿರ್ಧರಿಸುವವನು ಅವನೇ. ಸುದ್ದಿ ತಿಳಿದು ಸಂಜೆಗೇ ಬಂದ. ಮಗುವಿನ ತೊಟ್ಟಿಲು ತಾಯಿಯ ತವರಿನಿಂದಲೇ ಹೋಗಬೇಕಲ್ಲ, ಅದರ ಮಾತು.

"ತೊಟ್ಟಿಲು ತಗೊಂಡು ಹೋಗೋಕೆ ಬಾಡಿಗೆ ಗಾಡಿ ಹೇಳ್ತೀನಿ," ಎಂದ ಚಹಾ ಬಟ್ಟಲು ಹಿಡಿದು.

"ಮನೇಲಿ ಗಾಡಿ ಇದೆಯಲ್ಲ ಭಾವ?" ಬುರುಲ್ ತಗ್ಗಿದ ದನಿಯಲ್ಲೇ ಕೇಳಿದಳು. ಭಾವನ ಎದುರು ಸೊಸೆ ದನಿಯೇರಿಸುವುದು ನಮ್ಮಲ್ಲಿಲ್ಲ.

"ಇದೆ. ಓಡಿಸೋ ಗಂಡಸಿಲ್ಲ. ಬೀಗರ ಅಂಗಳದಲ್ಲಿ ಕಾರಿಂದ ಹೆಂಗಸು ಇಳಿದ್ರೆ ನನ್ನ ಮುಖ ಎಲ್ಲಿಡಲಿ? ಹೋಗಲಿ, ನಿನ್ನ ಬ್ರೇಕ್ ಸರಿಯಿದೆಯಾ? ಹೋದ್ಸಲ ಇಳೀವಾಗ ಹಿಟ್ಟಿನ ಮೇಲೆ ಕಾಲಿಟ್ಟ ಹಾಗಿತ್ತು ಅಂತ ಶೇರಾಲಿನೇ ಹೇಳಿದ್ದ."

ಶೇರಾಲಿ ಬಟ್ಟಲಿನೊಳಗೆ ಮುಖ ಹುದುಗಿಸಿದ. ಬುರುಲ್ ಅವನತ್ತ ನೋಡಿದ ನೋಟಕ್ಕೆ ಚಹಾ ಇನ್ನೊಮ್ಮೆ ಕುದಿಯಬೇಕಿತ್ತು.

"ಆಯಿಲ್ ಹಳೇದಾಗಿದೆ ಭಾವ, ಬದಲಾಯಿಸ್ತೀನಿ. ನೀವೇ ಕೂತು ಪರೀಕ್ಷೆ ಮಾಡಿ."

ಅಸಾನ್‌ಬೆಕ್ ಮೀಸೆ ಸವರಿದ. "ಆಗಲಿ. ತೊಟ್ಟಿಲಿನ ಹಬ್ಬದ ದಿನದಷ್ಟೇ ಭಾರ ಹೇರಿ ಘಾಟಿ ಹತ್ತಿ ಇಳಿಸು. ಸರಿಯಾಗಿ ಇಳಿದರೆ ತೊಟ್ಟಿಲು ನೀನೇ ಒಯ್ಯಿ. ಇಲ್ಲದಿದ್ರೆ ಕೀಲಿ ನನ್ನ ಕೈಗೆ. ಈ ಸಲಕ್ಕೆ ಮಾತ್ರ ಅಲ್ಲ, ಇನ್ನು ಮುಂದೆಯೂ ನೀನು ಸ್ಟೀರಿಂಗ್ ಮುಟ್ಟೋ ಹಾಗಿಲ್ಲ."

ಬುರುಲ್ ಹೂಂ ಎಂದಳು.

ಆಯಿಲ್ ಮನೆಯಲ್ಲೇ ಇತ್ತು. ಮೇ ತಿಂಗಳಲ್ಲಿ ಪೇಟೆಗೆ ಇಳಿದಾಗ ಕೊಂಡದ್ದು. ಅಂಗಡಿಯವನು ಚಿನ್ನದ ಹಲ್ಲು ತೋರಿಸಿ, "ಅಕ್ಕಾ, ಡಾಟ್ ಐದು ನಂಬರಿನ ಆಯಿಲ್ ತಗೊಳ್ಳಿ, ನಾಲ್ಕಕ್ಕಿಂತ ಐದು ದೊಡ್ಡದಲ್ವಾ?" ಎಂದಿದ್ದ. ಬುರುಲ್ ಬಿಡುತ್ತಾಳೆಯೇ? "ನಿನ್ನ ಚಪ್ಪಲಿ ನಲವತ್ತೆರಡು, ನಲವತ್ತಮೂರು ಹಾಕ್ಕೊಂಡ್ರೆ ಇನ್ನೂ ಜೋರಾಗಿ ಓಡ್ತೀಯಾ? ಐದರದ್ದು ಸಿಲಿಕೋನ್ ಜಾತಿ, ಇದರ ಜೊತೆ ಸೇರಲ್ಲ. ನನ್ನ ಕಾರಿನ ಮುಚ್ಚಳದ ಮೇಲೆ ನಾಲ್ಕು ಅಂತ ಅಚ್ಚು ಹೊಡೆದಿದೆ, ನಾಲ್ಕು ಕೊಡು" ಎಂದಳು. ಮೂರನ್ನೂ ಬೇಡವೆಂದಳು, ಅದು ಬೇಗ ಕುದಿಯುತ್ತದೆ. ಸೀಲು ಒಡೆಯದ, ಬಾಟಲಿಯಂಥ ದೊಡ್ಡ ಪ್ಲಾಸ್ಟಿಕ್ ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿ ತಂದಳು. ಆಗ ಕ್ಲಚ್ಚಿಗೆ ಒಂದಿಷ್ಟು ಹಾಕಿ, ಮುಚ್ಚಳವನ್ನು ತನ್ನ ಕೈಯಾರೆ ಬಿಗಿಯಾಗಿ ತಿರುಗಿಸಿ, ಮನೆಯ ತಣ್ಣನೆಯ ನಡುವಂಕಣದಲ್ಲಿ ಕುದುರೆ ಹಾಲು ಹುಳಿಬರಿಸಿದ ಕುಮಿಸ್ ಬಾಟಲಿಗಳ ಸಾಲಿನಲ್ಲಿಟ್ಟಿದ್ದಳು. ಬ್ರೇಕ್ ಆಯಿಲ್‌ಗೆ ಗಾಳಿಯೇ ಶತ್ರು. ಗಾಳಿಯ ತೇವ ಕುಡಿದರೆ ಅದು ಆಯಿಲ್ಲೇ ಅಲ್ಲ. ಅಪ್ಪ ಕಲಿಸಿದ ಮೊದಲ ಪಾಠವದು.

ಮರುದಿನ ಬೆಳಗ್ಗೆಯೇ ಕೆಲಸ ಹಚ್ಚಿದಳು. ಇದಕ್ಕೆ ಇಬ್ಬರು ಬೇಕು: ಒಬ್ಬರು ಪೆಡಲ್ ಒತ್ತಬೇಕು, ಇನ್ನೊಬ್ಬರು ಚಕ್ರದ ಹಿಂದಿನ ತಿರುಪು ಬಿಚ್ಚಿ ಹಳೆಯದನ್ನು ಹೊರಬಿಡಬೇಕು. ಶೇರಾಲಿಯ ಕಾಲು ಆಗದು. ಹಾಗಾಗಿ ಚಾಲಕನ ಸೀಟಿಗೆ ಹತ್ತಿ ಕೂತವರು ಅತ್ತೆ, ಎಪ್ಪತ್ತಾರರ ಬಾತ್ಮಾ. ತಲೆಗೆ ಬಿಳಿ ವಸ್ತ್ರ ಬಿಗಿದು, ಸ್ಟೀರಿಂಗನ್ನು ಎರಡೂ ಕೈಯಲ್ಲಿ ಕುದುರೆಯ ಲಗಾಮಿನಂತೆ ಹಿಡಿದಿದ್ದರು.

"ಅತ್ತೆ, ಒತ್ತಿ!"

"ಒತ್ತಿದೆ!"

"ಹಿಡ್ಕೊಂಡಿರಿ! ಬಿಡಬೇಡಿ!"

"ನಿನ್ನ ಮಾವನ್ನ ಐವತ್ತು ವರ್ಷ ಹಿಡ್ಕೊಂಡಿದ್ದೆ, ಇದೇನು ಮಹಾ! ಅಯ್ಯೋ, ಇದು ಕೆಳಗೆ ಹೋಗ್ತಿದೆಯಲ್ಲೇ!"

"ಹೋಗಲಿ, ಹೋಗಬೇಕು! ಈಗ ತಿರುಪು ಮುಚ್ಚಿದೆ, ಬಿಡಿ!"

ಪೆಡಲಿಗೆ ಅತಿ ದೂರದ ಚಕ್ರದಿಂದ ಶುರುಮಾಡಿ ಹತ್ತಿರದ ಚಕ್ರಕ್ಕೆ ಬಂದರು. ಪಾರದರ್ಶಕ ಕೊಳವೆಯಲ್ಲಿ ಮೊದಲು ಕರೀ ಚಹಾದಂಥ ಹಳೇ ಆಯಿಲ್, ಆಮೇಲೆ ಗುಳ್ಳೆ, ಕೊನೆಗೆ ಜೇನಿನ ಬಣ್ಣದ ಹೊಸದು. ಎಂಜಿನ್ ಬಳಿಯ ಆಯಿಲ್ ಬಟ್ಟಲು ಬರಿದಾಗದಂತೆ, ನಡುವಂಕಣದಿಂದ ತಾನೇ ತಂದು ಮುಚ್ಚಳ ತೆಗೆದ ಡಬ್ಬಿಯಿಂದ ಶೇರಾಲಿ ಸುರಿಯುತ್ತ ನಿಂತಿದ್ದ. ಮುಗಿದಾಗ ಪೆಡಲ್ ಕಲ್ಲಿನಂತೆ ಗಟ್ಟಿ. ಅತ್ತೆ ಕೆಳಗಿಳಿದು, "ನಾನೂ ಮೆಕ್ಯಾನಿಕ್ ಆದೆ ನೋಡೇ!" ಎಂದು ಬೊಚ್ಚು ಬಾಯಿ ತೆರೆದು ನಕ್ಕರು.

ಪರೀಕ್ಷೆಯ ದಿನ ಅಸಾನ್‌ಬೆಕ್ ಹಿಟ್ಟಿನ ಮೂಟೆಗಳನ್ನು ಹಿಂದಿನ ಸೀಟಿಗೆ ಹೇರಿಸಿದ, ಡಿಕ್ಕಿಗೆ ಎರಡು ಜೀವಂತ ಕುರಿ ತುಂಬಿಸಿದ, ತಾನು ಮುಂದೆ ಕೂತ. ಕಾರು ಏದುಸಿರು ಬಿಡುತ್ತ ಓತ್ಮೋಕ್ ಘಾಟಿಯ ನೆತ್ತಿಗೇರಿತು. ಆಗಸ್ಟಿನಲ್ಲೂ ಅಲ್ಲಿ ಹಲ್ಲು ಕಟಕಟಿಸುವ ಗಾಳಿ. ಬುರುಲ್ ಕಾರು ತಿರುಗಿಸಿ ಇಳಿಯತೊಡಗಿದಳು, ಅಪ್ಪ ಕಲಿಸಿದಂತೆ ಸಣ್ಣ ಗೇರಿನಲ್ಲಿ.

"ಏನಿದು, ಎಂಜಿನ್‌ನ ಯಾಕೆ ಅಳಿಸ್ತೀಯ? ನಾನು ಬಂದಿರೋದು ಬ್ರೇಕ್ ನೋಡೋಕೆ. ಬ್ರೇಕ್ ಹಾಕು!" ಎಂದ ಭಾವ.

"ಘಾಟಿಯಲ್ಲಿ ಗೇರಲ್ಲೇ ಇಳೀಬೇಕು ಭಾವ."

"ಭಯ ಆಗ್ತಿದ್ರೆ ಕೀಲಿ ಕೊಡು."

ಬುರುಲ್‌ಗೆ ರೋಷ ಬಂತು. ಹಲ್ಲು ಕಚ್ಚಿ ಗೇರು ಏರಿಸಿದಳು, ತಿರುವು ತಿರುವಿಗೂ ಬ್ರೇಕ್ ಹಾಕಿದಳು. ಹೊಸ ಆಯಿಲ್ ತಾನೇ, ತಡೆಯುತ್ತದೆ ಎಂಬ ಧೈರ್ಯ. ತಡೆಯಿತು, ಒಂದು ತಿರುವು, ಎರಡು, ಐದು, ಹತ್ತು. ಅಸಾನ್‌ಬೆಕ್‌ನ ಮುಖ ನೋಡಿದರೆ ಸೋಲೊಪ್ಪಿಕೊಳ್ಳುವುದಕ್ಕೆ ಇನ್ನೆರಡು ತಿರುವು ಸಾಕೆನ್ನಿಸುತ್ತಿತ್ತು.

ಆಗ ಅವಳ ಕಾಲು ನೆಲ ಮುಟ್ಟಿತು!

ಪೆಡಲ್ ಇದ್ದಲ್ಲಿ ಏನೂ ಇಲ್ಲ. ಮತ್ತೆ ಒತ್ತಿದಳು, ಮತ್ತೆ ನೆಲ. ಮುಂದೆ ಎಡಕ್ಕೆ ತಿರುವು, ತಿರುವಿನಾಚೆ ಬರೀ ಆಕಾಶ.

"ಬುರುಲ್... ಬುರುಲ್!" ಭಾವನ ಗಂಟಲಿಂದ ಹೊರಟ ದನಿ ಡಿಕ್ಕಿಯ ಕುರಿಯದೋ ಅವನದೋ ಹೇಳುವುದು ಕಷ್ಟವಿತ್ತು.

"ಬಾಯ್ಮುಚ್ಚಿ!" ಎಂದಳು ಬುರುಲ್. ಇಪ್ಪತ್ತಾರು ವರ್ಷಗಳಲ್ಲಿ ಭಾವನಿಗೆ ಅವಳು ಹಾಗೆ ಹೇಳಿದ್ದು ಅದೇ ಮೊದಲು. ನಾಲ್ಕರಿಂದ ಮೂರಕ್ಕೆ ಗೇರು ಇಳಿಸಿದಳು, ಎಂಜಿನ್ ಅರಚಿತು. ಎರಡಕ್ಕೆ ಇಳಿಸಿದಳು, ಮೂಟೆಗಳು ಬೆನ್ನಿಗೆ ಬಂದು ಗುದ್ದಿದವು. ಹ್ಯಾಂಡ್‌ಬ್ರೇಕಿನ ಗುಂಡಿ ಒತ್ತಿ ಹಿಡಿದು ಸ್ವಲ್ಪ ಸ್ವಲ್ಪವೇ ಎಳೆದಳು. ಒಮ್ಮೆಲೇ ಎಳೆದರೆ ಹಿಂದಿನ ಚಕ್ರ ಜಾರಿ ಕಾರು ಬುಗುರಿಯಾಗುತ್ತದೆ. ತಿರುವನ್ನು ಬೆಟ್ಟದ ಮಗ್ಗುಲಿಗೆ ಉಜ್ಜಿಕೊಂಡೇ ದಾಟಿದಳು. ದಾಟಿದರೆ ಏನು ಕಾಣಬೇಕು? ಹುಲ್ಲುಗಾವಲಿನಿಂದ ಇಳಿಯುತ್ತಿದ್ದ ಕುದುರೆಗಳ ಹಿಂಡು, ರಸ್ತೆ ತುಂಬ! ಹಾರನ್ನಿನ ಮೇಲೆ ಮೊಣಕೈ ಊರಿದಳು. ಕುದುರೆಗಳು ಎರಡು ಕಡೆಗೂ ಚೆಲ್ಲಿಹೋದವು, ಕುದುರೆ ಕಾಯುವವನು ಚಾಟಿ ಬೀಸಿ ಅವಳ ಹತ್ತು ತಲೆಮಾರನ್ನು ಬೈದ. ಎಡಗಡೆ ಒಂದು ಕಾಲ್ದಾರಿ ಬೆಟ್ಟದ ಮೇಲಕ್ಕೆ ಹೋಗುವುದು ಕಂಡಿತು. ಏರು! ಏರಿಗಿಂತ ದೊಡ್ಡ ಬ್ರೇಕ್ ಯಾವುದಿದೆ? ಸ್ಟೀರಿಂಗನ್ನು ಅತ್ತ ತಿರುಗಿಸಿದಳು. ಕಾರು ಕಲ್ಲು ಹಾರಿಸುತ್ತ, ಕುಪ್ಪಳಿಸುತ್ತ ಮೇಲೇರಿ, ಸುಸ್ತಾಗಿ, ಒಂದು ಯುರ್ತಾದ ಬಾಗಿಲ ಮುಂದೆ ನಿಂತಿತು.

ಉಣ್ಣೆಯ ಆ ಗುಡಾರದೊಳಗಿಂದ ಹೆಂಗಸೊಬ್ಬಳು ಕೈ ಒರೆಸಿಕೊಳ್ಳುತ್ತ ಬಂದಳು. "ಬನ್ನಿ, ಬನ್ನಿ. ತಾಜಾ ಕುಮಿಸ್ ಇದೆ. ದೊಡ್ಡ ಬಾಟಲಿನಾ, ಚಿಕ್ಕದಾ?" ಎಂದಳು.

ಬುರುಲ್‌ಗೆ ನಗು ಉಕ್ಕಿಬಂತು, ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಜೀವ ಇದೆ! ಅಸಾನ್‌ಬೆಕ್ ಇಳಿದು ಬಂಡೆಯ ಮೇಲೆ ಕುಸಿದ. ಬುರುಲ್ ಚಕ್ರಗಳ ಹಿಂದೆ ಬಗ್ಗಿ ನೋಡಿದಳು. ಎಲ್ಲೂ ಸೋರಿಲ್ಲ. ಎಂಜಿನ್ ಬಳಿಯ ಆಯಿಲ್ ಬಟ್ಟಲು ತುಂಬಿದೆ. ಸ್ವಲ್ಪ ಹೊತ್ತು ಬಿಟ್ಟು ಪೆಡಲ್ ಒತ್ತಿದರೆ, ಅರೆ, ಮೊದಲಿನ ಹಾಗೇ ಗಟ್ಟಿ! ಹಾಗಾದರೆ ಆಯಿಲ್ ಕುದಿದು ಆವಿಯಾಗಿ ಪೆಡಲ್ ಸಡಿಲವಾಗಿದೆ, ತಣಿದ ಮೇಲೆ ಆವಿ ಮತ್ತೆ ಆಯಿಲ್ ಆಗಿದೆ. ಇಷ್ಟು ಬೇಗ ಕುದಿಯಬೇಕೆಂದರೆ ನೀರು ಸೇರಿರಬೇಕು. ಬಿಗಿದ ಮುಚ್ಚಳದೊಳಗೆ ನೀರು ಎಲ್ಲಿಂದ?

ಆ ಹೆಂಗಸು ನೆರಳಿನಲ್ಲಿ ಸಾಲಾಗಿಟ್ಟ ಬಾಟಲಿಗಳ ಮುಂದೆ ಕೂತು ಒಂದೊಂದರದೇ ಮುಚ್ಚಳ ಸಡಿಲಿಸುತ್ತಿದ್ದಳು. ಪುಸ್, ಪುಸ್ ಎಂದು ಗಾಳಿ ಹೊರಬರುತ್ತಿತ್ತು. "ಬಿಗಿಯಾಗಿಟ್ರೆ ಬಾಂಬು ಆಗ್ತವೆ ಇವು. ನಮ್ಮತ್ತೆ ದಿನಾ ಸಂಜೆ ಇದೇ ಕೆಲಸಕ್ಕೆ ಹಚ್ತಾರೆ," ಎಂದಳು.

ಬುರುಲ್‌ಳ ಕೈ ನಿಂತಲ್ಲೇ ನಿಂತಿತು. ತನ್ನ ಮನೆಯ ನಡುವಂಕಣ. ದಿನಾ ಸಂಜೆ ಕೋಲೂರಿಕೊಂಡು ಸಾಲಿನುದ್ದಕ್ಕೂ ಹೋಗುವ ಅತ್ತೆ. ಕಣ್ಣು ಮಂಜು, ಓದು ಬಾರದು. ಕೈಗೆ ಸಿಕ್ಕಿದ ಮುಚ್ಚಳವೆಲ್ಲ ಕುಮಿಸ್‌ನದೇ. ಇಡೀ ಬೇಸಿಗೆ ಆ ಡಬ್ಬಿ ಬಾಯಿ ತೆರೆದೇ ಕೂತಿತ್ತು!

ಗೊತ್ತಾಯಿತು, ಆದರೆ ಹೇಳುವುದು ಯಾರಿಗೆ? ಬಂಡೆಯ ಮೇಲೆ ಕೂತವನ ತಾಯಿಯ ಮೇಲೆ ದೂರು ಹೇಳಿ ಕೀಲಿ ಉಳಿಸಿಕೊಳ್ಳುವುದೇ?

"ಆಯಿಲ್‌ಗೆ ನೀರು ಸೇರಿತ್ತು ಭಾವ," ಎಂದಷ್ಟೇ ಹೇಳಿದಳು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದ ಅಸಾನ್‌ಬೆಕ್ ಮೆಲ್ಲಗೆ. ಕೀಲಿಗಾಗಿ ಕೈ ಚಾಚಿದ. ಊರು ಮುಟ್ಟಿಸಿದ ಕೂಡಲೇ ಕೊಡುತ್ತೇನೆಂದಳು. ಒಂದನೇ ಗೇರಿನಲ್ಲಿ ಆಮೆಯಂತೆ ಇಳಿದು ಮನೆ ಸೇರಿ, ಕೀಲಿಯನ್ನು ಅವನ ಅಂಗೈಯಲ್ಲಿಟ್ಟಳು. ಅಳು ಬರುತ್ತಿತ್ತು, ಅವನೆದುರು ಅಳಲಿಲ್ಲ.

ನಡುವಂಕಣಕ್ಕೆ ಹೋಗಿ ಡಬ್ಬಿ ಎತ್ತಿಕೊಂಡಳು. ತಳದಲ್ಲಿ ಇನ್ನೊಂದಿಷ್ಟು ಆಯಿಲ್ ಉಳಿದಿತ್ತು, ಮುಚ್ಚಳ ಬರೀ ಕೂತಿತ್ತು. ಹಿಂದಿನಿಂದ ಅತ್ತೆಯ ದನಿ: "ಅದನ್ಯಾಕೆ ಬಿಗೀತೀಯ, ಸಿಡಿಯುತ್ತೆ! ದಿನಾ ಬಿಚ್ಚಿ ಬಿಚ್ಚಿ ಸಾಕಾಗಿದೆ, ಆ ಒಂದು ಬಾಟ್ಲಿ ಮಾತ್ರ ಒಂದು ದಿನವೂ ಪುಸ್ ಅನ್ನಲಿಲ್ಲ, ಸೋಮಾರಿ ಕುಮಿಸ್ಸು!"

ಬುರುಲ್ ತಿರುಗಿದಳು. ಇಪ್ಪತ್ತಾರು ವರ್ಷ ಒಂದೇ ಒಲೆಯಲ್ಲಿ ರೊಟ್ಟಿ ಸುಟ್ಟವರಿಗೆ ಮುಖ ಓದಲು ಅಕ್ಷರ ಬೇಕೇ? ಬಾತ್ಮಾ ಡಬ್ಬಿಯನ್ನು ಕಿತ್ತುಕೊಂಡು ಮೂಸಿದರು. "ಇದು... ಕಾರಿನ ಆಯಿಲ್ಲಾ?"

"ಹೋಗಲಿ ಬಿಡಿ ಅತ್ತೆ."

"ಗಾಳಿ ಹೋದ್ರೆ ಕೆಡುತ್ತಾ ಇದು? ಬಾಯಿ ಬಿಡೇ!"

"...ಕೆಡುತ್ತೆ."

ಬಾತ್ಮಾ ಕೋಲನ್ನೂ ಮರೆತು ಅಂಗಳಕ್ಕೆ ನುಗ್ಗಿದರು. ಅಸಾನ್‌ಬೆಕ್ ಬೇಲಿಯ ಬಳಿ ನಾಲ್ಕು ಜನರನ್ನು ಸೇರಿಸಿಕೊಂಡು ಕಥೆ ಹೇಳುತ್ತಿದ್ದ.

"ಏಯ್ ಅಸಾನ್! ಬಾರೋ ಇಲ್ಲಿ! ಇವಳ ಆಯಿಲ್ ಕೆಡಿಸಿದವಳು ನಾನು. ನಿನ್ನ ಹೆತ್ತವಳು! ಕೀಲಿ ಯಾರಿಂದ ಕಿತ್ಕೊಂಡೆ?"

"ಅಮ್ಮಾ, ಆಯಿಲ್ ಯಾರೇ ಕೆಡಿಸಲಿ, ಬ್ರೇಕ್ ಹೋಯ್ತು ತಾನೇ? ಮಾತು ಅಂದ್ರೆ ಮಾತು."

"ಬ್ರೇಕ್ ಇದ್ದಾಗ ಕಾರು ನಿಲ್ಲಿಸೋದಕ್ಕೆ ನಮ್ಮ ಕುರಿಯೂ ಸಾಕು ಕಣೋ! ಬ್ರೇಕ್ ಇಲ್ಲದೆ ನಿಲ್ಲಿಸಿದವಳು ಯಾರು? ನೀನು ಹೇಳೋ ಬಾಡಿಗೆ ಚಾಲಕ ನಿಲ್ಲಿಸ್ತಿದ್ನಾ? ಇವಳಲ್ಲದೆ ಬೇರೆಯವರು ಸ್ಟೀರಿಂಗ್ ಹಿಡಿದಿದ್ರೆ ಇವತ್ತು ನಿನ್ನ ತಿಥಿಗೆ ಕುರಿ ಕಡೀಬೇಕಾಗಿತ್ತು, ತೊಟ್ಟಿಲಿನ ಹಬ್ಬಕ್ಕಲ್ಲ!"

ಬೇಲಿಯ ಬಳಿ ಇದ್ದವರು ಕಿಸಕ್ಕನೆ ನಕ್ಕರು. ಅಸಾನ್‌ಬೆಕ್ ಟೋಪಿ ಸರಿಮಾಡಿಕೊಂಡು ಹೊರಟೇಹೋದ. ಕೀಲಿಯನ್ನೂ ಒಯ್ದ. ಬುರುಲ್‌ಗೆ ಎಲ್ಲ ಮುಗಿಯಿತೆನ್ನಿಸಿತು.

ಮರುದಿನ ಮಧ್ಯಾಹ್ನ ಪೇಟೆಯ ಕಡೆಯಿಂದ ಬಂದ ಲಾರಿಯಿಂದ ಅವನು ಇಳಿದ. ಕೈಯಲ್ಲಿ ಸೀಲು ಒಡೆಯದ ಎರಡು ಡಬ್ಬಿ. ಬುರುಲ್‌ಳ ಮುಂದಿಟ್ಟು, "ಡಾಟ್ ನಾಲ್ಕು. ಅಂಗಡಿಯವನು ಐದು ಒಳ್ಳೇದು ಅಂದ. ನಿನ್ನ ಕಾರಿನ ಮುಚ್ಚಳದ ಮೇಲೆ ನಾಲ್ಕು ಅಂತಿದೆ, ನಾನು ತಗೊಳ್ಳಲಿಲ್ಲ," ಎಂದ. ಆಮೇಲೆ ಅತ್ತಿತ್ತ ನೋಡಿ ಚಾಲಕನ ಸೀಟಿನಲ್ಲಿ ಕೂತ. "ಎಲ್ಲಿ ಒತ್ತಬೇಕು?"

"ಒತ್ತಿ ಭಾವ... ಹಿಡ್ಕೊಳ್ಳಿ... ದಯವಿಟ್ಟು ಬಿಡಿ..." ಬುರುಲ್ ಪಿಸುಗುಟ್ಟಿದ್ದು ಚಕ್ರದಡಿಯಿಂದ ಅವನಿಗೆ ಕೇಳಿಸಬೇಡವೇ? ಒತ್ತಬೇಕಾದಾಗ ಬಿಟ್ಟ, ಬಿಡಬೇಕಾದಾಗ ಒತ್ತಿದ, ಆಯಿಲ್ ಅವಳ ಮುಖಕ್ಕೇ ಚಿಮ್ಮಿತು.

"ಅಯ್ಯೋ, ಹಿಡ್ಕೊಳ್ರೀ ಅಂದ್ರೆ!" ಎಂದು ಕಿರುಚಿದಳು.

"ಹಾಂ! ಹಾಗೆ ಜೋರಾಗಿ ಹೇಳು, ಕೇಳಿಸುತ್ತೆ!" ಎಂದ ಭಾವ.

ಮೆಟ್ಟಿಲ ಮೇಲೆ ಕೂತಿದ್ದ ಬಾತ್ಮಾ, ಶೇರಾಲಿ ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ನಾಲ್ಕು ಚಕ್ರ ಮುಗಿಯುವಷ್ಟರಲ್ಲಿ ಬುರುಲ್‌ಳ ಗಂಟಲು ಬಿದ್ದುಹೋಗಿತ್ತು, ಆದರೆ ಕೊಳವೆಯಲ್ಲಿ ಹಳೆಯದರ ಒಂದು ಹನಿಯೂ ಉಳಿಯಲಿಲ್ಲ. ಕೀಲಿಯನ್ನು ಭಾವ ಸೀಟಿನ ಮೇಲೇ ಬಿಟ್ಟು ಹೋಗಿದ್ದ.

ಶುಕ್ರವಾರ ತೊಟ್ಟಿಲು ಹೊರಟಿತು. ಹಿಂದಿನ ಸೀಟಿನಲ್ಲಿ ಅತ್ತೆ, ಶೇರಾಲಿ, ನಡುವೆ ಕೆಂಪು ಬಣ್ಣ ಬಳಿದ ತೊಟ್ಟಿಲು. ಡಿಕ್ಕಿಯಲ್ಲಿ ಪರೀಕ್ಷೆ ಪಾಸಾದ ಅವೇ ಕುರಿಗಳು. ಮುಂದೆ ಅಸಾನ್‌ಬೆಕ್. ನೆತ್ತಿ ದಾಟಿ ತಲಾಸ್ ಕಡೆಗೆ ಇಳಿಯುವಾಗ ಅವನು ತನ್ನ ಕಾಲಡಿಯ ನೆಲವನ್ನೇ ತುಳಿದು ತುಳಿದು ಬ್ರೇಕ್ ಹಾಕುತ್ತಿದ್ದ. ಬುರುಲ್ ಸಣ್ಣ ಗೇರಿನಲ್ಲಿ ಇಳಿಸಿದಳು. ಯಾರೂ ಎಂಜಿನ್ ಅಳುವುದರ ಬಗ್ಗೆ ಮಾತಾಡಲಿಲ್ಲ. ಬೇಕಾದಲ್ಲಿ ಒತ್ತಿದರೆ ಪೆಡಲ್ ಅವಳ ಕಾಲಿಗೆ ಎದುರು ನಿಲ್ಲುತ್ತಿತ್ತು, ಮೊದಲ ತಿರುವಿನಿಂದ ಕೊನೆಯ ತಿರುವಿನವರೆಗೆ. ಕೆಳಗೆ ಹಸಿರು ಬಯಲು ತೆರೆದುಕೊಂಡಾಗ ಅವಳಿಗೆ ಕೂಗಿ ಹಾಡಬೇಕೆನ್ನಿಸಿತು, ಹಾಡಿಯೇಬಿಟ್ಟಳು, ಅತ್ತೆಯೂ ದನಿಗೂಡಿಸಿದರು.

ಬೀಗರ ಅಂಗಳದಲ್ಲಿ ಊರಿಗೆ ಊರೇ ನೆರೆದಿತ್ತು. ಕಾರು ನಿಂತ ಕೂಡಲೇ ಹಿರಿಯ ಬೀಗರು ದೂರದಿಂದಲೇ ಎರಡೂ ಕೈ ಚಾಚಿ ಬಂದರು. ತೊಟ್ಟಿಲನ್ನು ಘಾಟಿ ದಾಟಿಸಿ ತಂದವನಿಗೆ ಎಂದು ಹೊಲಿಸಿದ ನಿಲುವಂಗಿ ಅವರ ತೋಳಿನ ಮೇಲಿತ್ತು: ಕಡುನೀಲಿ ಮಖಮಲ್, ಅಂಚಿಗೆ ಬಂಗಾರದ ಕಸೂತಿ. ಮೊದಲು ಇಳಿದ ಗಂಡಸೇ ತಂದವನೆಂದುಕೊಂಡು ಅಸಾನ್‌ಬೆಕ್‌ನ ಹೆಗಲಿಗೆ ಅದನ್ನು ಹೊದಿಸಿದರು. ಅಳತೆ ಮಾಡಿಸಿದ ಹಾಗಿತ್ತು. ಎಲ್ಲರೂ ಭೇಷ್ ಎಂದರು.

ಅಸಾನ್‌ಬೆಕ್ ಒಂದು ಗಳಿಗೆ ಆ ಕಸೂತಿಯನ್ನು ಸವರಿದ. ಆಸೆಯಿತ್ತು ಅವನಿಗೆ, ಸುಳ್ಳೇಕೆ ಹೇಳಬೇಕು. ಆಮೇಲೆ ನಿಲುವಂಗಿ ಕಳಚಿದ.

"ತಂದವರಿಗೆ ಅಂತ ತಾನೇ ಹೊಲಿಸಿದ್ದು ಬೀಗರೇ? ಹೆಗಲು ತಪ್ಪಿದೆ," ಎಂದು ಕಾರನ್ನು ಸುತ್ತಿಬಂದು, ಆಗತಾನೆ ಇಳಿಯುತ್ತಿದ್ದ ಬುರುಲ್‌ಳ ಹೆಗಲ ಮೇಲೆ ಹೊದಿಸಿದ. "ತಂದವಳು ನಮ್ಮ ಬುರುಲ್. ನಾನು ದಾರಿಯುದ್ದಕ್ಕೂ ಹೆದರಿಕೊಂಡು ಕೂತಿದ್ದೆ ಅಷ್ಟೆ."

ಮರುಕ್ಷಣ ಹೆಂಗಸರ ಗುಂಪಿನಿಂದ ಎದ್ದ ಕೇಕೆಗೆ ಕುದುರೆಗಳು ಕಟ್ಟಿದ ಗೂಟದಲ್ಲೇ ಬೆಚ್ಚಿದವು. ನಿಲುವಂಗಿ ಬುರುಲ್‌ಗೆ ಹಿಮ್ಮಡಿ ದಾಟಿ ಮಣ್ಣಿಗೆ ಎಳೆಯುತ್ತಿತ್ತು, ತೋಳಿನೊಳಗೆ ಕೈಗಳೇ ಕಾಣುತ್ತಿರಲಿಲ್ಲ. ಬಾಗಿಲಲ್ಲಿ ಮೀರಿಮ್ ಮಗುವನ್ನೆತ್ತಿಕೊಂಡು ನಿಂತು, "ಅಮ್ಮಾ, ನೀನೇ ಓಡಿಸ್ಕೊಂಡು ಬಂದ್ಯಾ?" ಎಂದು ಕೂಗಿದಳು. ಬುರುಲ್ ತೋಳು ಮಡಚಿಕೊಂಡು, ತೊಟ್ಟಿಲನ್ನು ಎದೆಗೆ ಎತ್ತಿ ಹಿಡಿದು, "ಮತ್ತೆ ಇನ್ಯಾರು ಬರ್ತಾರೆ?" ಎನ್ನುತ್ತ ಓಡಿದಳು.